ಕಾಕ್ಸ್ ಟೌನಿನಿಂದ ಕೆ.ಆರ್. ಪುರಕ್ಕೆ, ಹಾರ್ಲನ್ ದಂಪತಿಯ ಜೊತೆ

ರಾಯಚೂರಿನಲ್ಲಿ ಹತ್ತಿದ ರೈಲು ಮರುದಿನ ಬೆಳಿಗ್ಗೆ ನನ್ನನ್ನು ಬೆಂಗಳೂರು ದಂಡು ನಿಲ್ದಾಣದಲ್ಲಿ ಇಳಿಸಿತು. ನಮ್ಮೂರಿನ ಬಿಸಿಲು ಇನ್ನೂ ಮೈಯಲ್ಲಿತ್ತು, ಇಲ್ಲಿ ಸೆರಗು ಹೊದೆಯುವಷ್ಟು ತಂಪು. ಕಾಕ್ಸ್ ಟೌನಿಗೆ ಆಟೋದವನು ನಲವತ್ತು ರೂಪಾಯಿ ಅಂದ. ಹೈಸ್ಕೂಲಿನಲ್ಲಿ ಗಲಾಟೆ ಮಕ್ಕಳನ್ನು ಕೂರಿಸುತ್ತಿದ್ದ ನೋಟವನ್ನು ಅವನ ಮೇಲೂ ಬೀರಿದೆ. ಇಪ್ಪತ್ತೈದಕ್ಕೆ ಇಳಿದ. ಕೆ.ಆರ್. ಪುರದ ತೂಗುಸೇತುವೆಯನ್ನು ಇನ್ನೂ ಕಟ್ಟುತ್ತಿದ್ದ ಕಾಲ ಅದು.

ನನ್ನ ತಂಗಿ ಗಿರಿಜಾಳ ಮನೆ ಕಾಕ್ಸ್ ಟೌನಿನ ಒಂದು ಬೇಕರಿಯ ಹಿಂದಿನ ಬೀದಿಯಲ್ಲಿ. ಮೇಲಿನ ಮಹಡಿಯನ್ನು ಅಮೆರಿಕಾದ ಮುದುಕ ದಂಪತಿಗೆ ಬಾಡಿಗೆಗೆ ಕೊಟ್ಟಿದ್ದಳು. ಹಾರ್ಲನ್ ಎಂಬ ಹೆಸರಿನ ಅವರು ಮಾರ್ಮನ್ ಎಂಬ ಕ್ರೈಸ್ತ ಪಂಥದ ಧರ್ಮಪ್ರಚಾರಕರು ಎಂದು ಕೇಳಿದೊಡನೆ ನನ್ನ ಹುಬ್ಬು ಮೇಲೇರಿತು.

“ನಿನ್ನೂ ಸೇರಿಸ್ಕೊಂಡಾರೇನು?” ಎಂದೆ.

“ಅಯ್ಯೋ ಸುಮ್ನಿರಕ್ಕ, ನಮ್ಮನೆ ಫ್ಯಾನ್ ರಿಪೇರಿ ಮಾಡ್ಕೊಟ್ರು ಅಷ್ಟೇ. ಅಂಥ ಜನ ಬಾಡಿಗೆಗೆ ಸಿಗಲ್ಲ” ಎಂದಳು ಗಿರಿಜಾ.

ಸಂಜೆ ಅವರೇ ಕೆಳಗಿಳಿದು ಬಂದರು. ಯಜಮಾನರಿಗೆ ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಹೆಸರಪಟ್ಟಿ. ಊರಿನಲ್ಲಿ ಹಸು ಸಾಕಿ ಹಾಲು ಮಾರುತ್ತಿದ್ದವರಂತೆ. ಆಕೆ ತೆಳ್ಳಗೆ, ಬೆಳ್ಳಗೆ, ಮಾತಿಗೊಮ್ಮೆ ನಗುವ ಹೆಂಗಸು. ‘ಸಿಸ್ಟರ್ ಹಾರ್ಲನ್’ ಎಂದು ಕರೆಯುತ್ತಾರೆ. ಸನ್ಯಾಸಿನಿಯೇನಲ್ಲ, ಆರು ಮಕ್ಕಳ ತಾಯಿ. ಅವರ ಸಭೆಯಲ್ಲಿ ಹೆಂಗಸರೆಲ್ಲ ಸಿಸ್ಟರ್‌ಗಳೇ. ಕೆಲಸ ಮುಗಿಸಿದ ವಯಸ್ಸಿನಲ್ಲಿ, ಸಂಬಳವಿಲ್ಲದೆ, ತಮ್ಮದೇ ಖರ್ಚಿನಲ್ಲಿ ಒಂದೂವರೆ ವರ್ಷದ ಸೇವೆಗೆ ಬಂದಿದ್ದರು. ಮುಂದಿನ ಬುಧವಾರ ವಾಪಸು ಹೊರಡುವವರಿದ್ದರು. ಗಿರಿಜಾ ಕಾಫಿ ಕೊಡಲಿಲ್ಲ, ಬೆಲ್ಲ ಹಾಕಿದ ಹಾಲು ಕೊಟ್ಟಳು. ಕಾಫಿ, ಟೀ ಅವರ ಧರ್ಮಕ್ಕೆ ಆಗಿಬರುವುದಿಲ್ಲ. ಕಾಫಿಯಿಲ್ಲದೆ ಬದುಕುವ ಜನರನ್ನು ಅವತ್ತೇ ಮೊದಲು ಕಂಡದ್ದು, ಮರುಕವೇ ಬಂತು.

ಮರುದಿನ ಶನಿವಾರ ಆಕೆಯ ಜೊತೆ ಶಿವಾಜಿನಗರದ ಮಾರ್ಕೆಟ್ಟಿಗೆ ಹೋದೆ. ಭಾನುವಾರ ದೇವರ ದಿನವೆಂದು ಅವರು ದುಡ್ಡು ಬಿಚ್ಚುವುದಿಲ್ಲ. ಏನನ್ನೂ ಕೊಳ್ಳುವುದಿಲ್ಲ, ಯಾರಿಗೂ ಕೂಲಿ ಕೊಡುವುದಿಲ್ಲ. ಆದ್ದರಿಂದ ತರಕಾರಿ, ಬ್ರೆಡ್ಡು, ಕುಡಿಯುವ ನೀರು ಎಲ್ಲವೂ ಶನಿವಾರವೇ ಮನೆ ಸೇರಬೇಕು. ನಮ್ಮಜ್ಜಿ ಶುಕ್ರವಾರ ಲಕ್ಷ್ಮಿಯನ್ನು ಹೊಸಿಲು ದಾಟಿಸುತ್ತಿರಲಿಲ್ಲ, ಹಾಗಾಗಿ ಇದು ನನಗೆ ವಿಚಿತ್ರ ಅನ್ನಿಸಲಿಲ್ಲ. ವಾಪಸು ಬಂದ ಮೇಲೆ ಆಕೆ ಆಟೋ ಚಾಲಕ ನಯಾಜನಿಗೆ ಮರುದಿನದ ಬಾಡಿಗೆಯನ್ನೂ ಕೊಟ್ಟುಬಿಟ್ಟರು.

“ಒಂದೂವರೆ ವರ್ಷದಿಂದ ಹಿಂಗೇನೇ ಮಾ. ನಾಳೆ ಸವಾರಿಗೆ ಇವತ್ತೇ ಪೈಸಾ. ನಾನು ಬರ್ದೇ ಹೋದ್ರೆ ಏನ್ ಮಾಡ್ತಾರೆ ಅಂತ ಒಂದಿನಾನೂ ಕೇಳಿಲ್ಲ” ಎಂದು ನಯಾಜ್ ನನ್ನೆದುರು ನಕ್ಕ.

ಮಧ್ಯಾಹ್ನ ಮೇಲಿನಿಂದ ಕೀಬೋರ್ಡಿನ ಸದ್ದು ಕೇಳಿ ಹತ್ತಿ ಹೋದೆ. ಉದ್ದನೆಯ ಮಂಚದ ತುದಿಯಲ್ಲಿ ಹಾರ್ಲನ್ ಅಮ್ಮನೂ ನಮ್ಮ ಕಡೆಯ ಹೆಂಗಸೊಬ್ಬಳೂ ಅಕ್ಕಪಕ್ಕ ಕೂತಿದ್ದರು. ಸೆರಗನ್ನು ಸೊಂಟಕ್ಕೆ ಬಿಗಿದಿದ್ದ ಅವಳು ಎರಡೂ ಕೈಯಿಂದ ಕೀರ್ತನೆ ನುಡಿಸುತ್ತಿದ್ದಳು. ಸ್ವರಗಳ ಗುರುತಿಗೆಂದು ಕೀಬೋರ್ಡಿನ ಕೀಲಿಗಳ ಮೇಲೆ ಬಣ್ಣಬಣ್ಣದ ಸ್ಟಿಕ್ಕರ್ ಬೊಟ್ಟು ಅಂಟಿಸಿದ್ದರು. ಅವಳ ಹೆಸರು ಶರಣಮ್ಮ, ಊರು ದೇವದುರ್ಗದ ಬಳಿ. ಗಂಡ ಗಾರೆ ಕೆಲಸದವನು, ಇವಳು ದೊಡ್ಡನೆಕ್ಕುಂದಿಯ ಫ್ಯಾಕ್ಟರಿಯಲ್ಲಿ ಬಟ್ಟೆ ಹೊಲಿಯುವವಳು. ಕೆ.ಆರ್. ಪುರದಲ್ಲಿ ಬಾಡಿಗೆ ಕೋಣೆ.

ಹಾರ್ಲನ್ ಅಮ್ಮ ನನ್ನ ಬಳಿ ಇಂಗ್ಲಿಷಿನಲ್ಲಿ ತಮ್ಮ ಕಷ್ಟ ಹೇಳಿಕೊಂಡರು. ಕೆ.ಆರ್. ಪುರದ ಅವರ ಸಭೆಯಲ್ಲಿ ಕೀಬೋರ್ಡ್ ಬಲ್ಲವರು ಇವರೊಬ್ಬರೇ. ಇವರು ಹೋದ ಮೇಲೆ ಸಂಗೀತ ನಿಲ್ಲಬಾರದೆಂದು ಎಂಟು ತಿಂಗಳಿಂದ ಶರಣಮ್ಮನಿಗೆ ಕಲಿಸುತ್ತಿದ್ದರು. ಮನೆಯಲ್ಲಿ ಇಷ್ಟು ಚೆನ್ನಾಗಿ ನುಡಿಸುವವಳು ಸಭೆಯಲ್ಲಿ ಒಂದು ದಿನವೂ ನುಡಿಸಿಲ್ಲ. ಸ್ಟೂಲಿನ ಮೇಲೆ ಕೂರಿಸಿದರೆ ಎದ್ದುಬಿಡುತ್ತಾಳೆ. “ಪಾಪ, ಅಷ್ಟು ಹೆದರಿಕೆ ಅವಳಿಗೆ. ಧೈರ್ಯ ಬರಲಿ ಎಂದು ಪಕ್ಕದಲ್ಲೇ ನಿಂತು ಕೈಬೀಸಿ ತಾಳ ತೋರಿಸುತ್ತೇನೆ. ಆದರೂ ಏಳುತ್ತಾಳೆ. ನಾಳೆ ನನ್ನ ಕೊನೆಯ ಭಾನುವಾರ” ಎಂದರು. ಕಣ್ಣು ತುಂಬಿ ಬಂದಿತ್ತು.

ಸಂಜೆ ಶರಣಮ್ಮನನ್ನು ಬಸ್ ಸ್ಟಾಪಿನ ತನಕ ಬಿಟ್ಟುಬರಲು ಹೋದೆ. ಊರಿನ ಮಾತು ಕಿವಿಗೆ ಬಿದ್ದದ್ದೇ ಅವಳ ಮುಖ ಅರಳಿತು.

“ಮಂದಿ ಮುಂದ ಅಂಜಿಕಿ ಬರ್ತದೇನ?” ಎಂದು ಕೇಳಿದೆ.

“ಅಂಜಿಕಿ ಯಾಕ ಬರ್ತದ್ರಿ ಅಮ್ಮಾರ? ಫ್ಯಾಕ್ಟರ್ಯಾಗ ಸೂಪರ್‌ವೈಜರ್ ತಲಿಮ್ಯಾಲ ನಿಂತಿರ್ತಾನ, ಹೊಲಿಯಂಗಿಲ್ಲೇನ್ರಿ? ಆದ್ರ ಅಲ್ಲಿ ಅಜ್ಜಿ ನಿಂತಿರ್ತಾರ್ರಿ. ವಿದ್ಯಾ ಕಲಿಸಿದಾಕಿ ನಿಂತಾಗ ನಾ ಕುಂತು ಹ್ಯಾಂಗ ಬಾರಿಸ್ಲಿ? ಕೈಯೇ ಓಡಂಗಿಲ್ರಿ.”

“ಅದನ್ನ ಆಕಿಗಿ ಹೇಳಬೇಕಿಲ್ಲ?”

“ಯಾವ ಭಾಷಾದಾಗ ಹೇಳ್ಲಿ? ಮತ್ತ ಕುಂದುರ್ರಿ ಅಂತ ಹಿರೇರಿಗಿ ನಾ ಹೇಳೂದೇನ್ರಿ?”

ಬಸ್ಸು ಬಂತು, ಅವಳು ಹತ್ತಿ ಹೋದಳು. ನಾನು ಮನೆಗೆ ಬರುವಷ್ಟರಲ್ಲಿ ಹಾರ್ಲನ್ ದಂಪತಿ ಹಲಸೂರಿನಲ್ಲಿ ಕಾಯಿಲೆ ಬಿದ್ದಿದ್ದ ಯಾರನ್ನೋ ನೋಡಲು ಹೊರಟುಹೋಗಿದ್ದರು. ಹೇಳುವುದು ಭಾನುವಾರಕ್ಕೆ ಉಳಿಯಿತು.

ಬೆಳಿಗ್ಗೆ ನಯಾಜನ ಆಟೋದಲ್ಲಿ ಮೂವರೂ ಹೊರಟೆವು. ಹಲಸೂರು ದಾಟಿ, ಇಂದಿರಾನಗರವನ್ನು ಬಲಕ್ಕೆ ಬಿಟ್ಟು ಹಳೇ ಮದ್ರಾಸು ರಸ್ತೆ ಹಿಡಿದೆವು. ಆಟೋದ ಸದ್ದು, ಹೊಗೆಯಲ್ಲಿ ಮಾತಾಡುವುದಿರಲಿ, ಉಸಿರಾಡಿದ್ದೇ ದೊಡ್ಡದು. ಟಿನ್ ಫ್ಯಾಕ್ಟರಿ ಹತ್ತಿರ ಬರುತ್ತಿದ್ದಂತೆ ಆಟೋ ಗೊರ್ ಎಂದು ನಿಂತಿತು.

“ಕೇಬಲ್ ಕಟ್ಟಾಗೋಯ್ತು ಸಾರ್” ಎಂದ ನಯಾಜ್, ಕೂಡಲೇ ಬೇರೆ ಆಟೋಕ್ಕೆ ಕೈ ಮಾಡಿದ. “ನೀವು ಪೈಸಾ ಮುಟ್ಬೇಡಿ, ನಾನೇ ಕೊಡ್ತೀನಿ.”

ಹಾರ್ಲನ್ ಯಜಮಾನರು ಬೇಡವೆಂದು ತಲೆಯಾಡಿಸಿದರು. ನಾನೂ ಪರ್ಸು ತೆಗೆದೆ. ಹಾರ್ಲನ್ ಅಮ್ಮ ನನ್ನ ಕೈಮೇಲೆ ಕೈಯಿಟ್ಟು, “ನನ್ನ ವ್ರತವನ್ನು ನಿಮ್ಮ ಕೈಯಿಂದ ಮುರಿಸಿದರೆ ಅದೂ ಮುರಿದಂತೆಯೇ ಅಲ್ಲವೇ?” ಎಂದರು. ಎಪ್ಪತ್ತರ ಹತ್ತಿರದ ಇಬ್ಬರೂ ನಡೆಯಲು ಶುರುಮಾಡಿದರು. ಎರಡು ಕಿಲೋಮೀಟರಿಗೆ ಕಡಿಮೆಯಿಲ್ಲದ ದಾರಿ, ಸೇತುವೆ ಕೆಲಸದ ಧೂಳು, ಲಾರಿಗಳ ಹೊಗೆ. ಹಟ ಎಂದರೆ ಹಟ! ಮೊದಲು ರೇಗಿತು. ಆಮೇಲೆ ಟೈ ಸಡಿಲಿಸದೆ, ಒಂದು ಗೊಣಗೂ ಇಲ್ಲದೆ ಹೆಂಡತಿಯ ಕೈಹಿಡಿದು ಗುಂಡಿ ದಾಟಿಸುತ್ತಿದ್ದ ಆ ಮನುಷ್ಯನನ್ನು ನೋಡಿ ನನಗೇ ಗೊತ್ತಿಲ್ಲದಂತೆ ಗೌರವ ಬಂತು. ನನ್ನ ಧರ್ಮ ನನಗೆ, ಅವರ ಧರ್ಮ ಅವರಿಗೆ. ಆದರೆ ನಂಬಿದ್ದಕ್ಕೆ ಹೀಗೆ ನಡೆಯುವವರು ನಮ್ಮಲ್ಲೂ ಕಡಿಮೆಯೇ.

ದಾರಿಯಲ್ಲಿ ಮರದ ನೆರಳಿಗೆ ನಿಂತಾಗ ಹೇಳಿಬಿಟ್ಟೆ. “ಶರಣಮ್ಮನಿಗೆ ಹೆದರಿಕೆಯಿಲ್ಲ. ಗುರು ನಿಂತಿರುವಾಗ ನಮ್ಮಲ್ಲಿ ಶಿಷ್ಯೆ ಕೂರುವುದಿಲ್ಲ. ನೀವು ಪಕ್ಕದಲ್ಲಿ ನಿಲ್ಲುವುದರಿಂದಲೇ ಅವಳು ಏಳುತ್ತಾಳೆ.”

ಆಕೆ ಬಾಯಿಯ ಮೇಲೆ ಕೈಯಿಟ್ಟುಕೊಂಡರು. “ಎಂಟು ತಿಂಗಳು! ಅವಳು ಎದ್ದಷ್ಟೂ ನಾನು ಇನ್ನೂ ಹತ್ತಿರ ಹೋಗಿ ನಿಲ್ಲುತ್ತಿದ್ದೆ” ಎಂದರು. 

ಸಭೆ ನಡೆಯುತ್ತಿದ್ದದ್ದು ಒಂದು ಬಾಡಿಗೆ ಮನೆಯ ಕೆಳಮಹಡಿಯಲ್ಲಿ. ನಾವು ಗೇಟು ಮುಟ್ಟುವಾಗ ಹೊತ್ತು ಮೀರಿತ್ತು. ಸಭೆ ನಡೆಸುವ ಸೆಲ್ವರಾಜ್ ಓಡಿಬಂದರು. ವಾರವಿಡೀ ಕಾರ್ಖಾನೆಯಲ್ಲಿ ದುಡಿದು ಭಾನುವಾರ ಪುಕ್ಕಟೆ ಈ ಕೆಲಸ ಮಾಡುವವರು ಅವರು.

“ಬನ್ನಿ ಬನ್ನಿ, ನಿಮಗೋಸ್ಕರ ಪಾಟ್ಟು ನಿಲ್ಸಿದೀವಿ” ಎಂದರು.

ಹಾರ್ಲನ್ ಅಮ್ಮ ಒಳಗೆ ಹೆಜ್ಜೆಯಿಡಲಿಲ್ಲ. “ನನಗೆ ಕಾಯಬೇಡಿ. ಶರಣಮ್ಮ ನುಡಿಸಲಿ. ಹಾಡು ಮುಗಿದ ಮೇಲೆ ಬರುತ್ತೇನೆ” ಎಂದು ಹೊರಗಿನ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟರು. ಯಜಮಾನರೂ ಪಕ್ಕದಲ್ಲಿ ಕೂತರು. ಸೆಲ್ವರಾಜ್ ನನ್ನ ಮುಖ ನೋಡಿದರು. ಹೋಗಿ ಎಂದು ಸನ್ನೆ ಮಾಡಿದೆ.

ಒಳಗೆ ಗುಸುಗುಸು, ಕುರ್ಚಿ ಎಳೆದ ಸದ್ದು. ಆಮೇಲೆ ಏನೂ ಇಲ್ಲ.  ಒಂದು ಸ್ವರ ಬಂತು, ತಪ್ಪಿತು, ನಿಂತಿತು. ಹಾರ್ಲನ್ ಅಮ್ಮ ಅರ್ಧ ಎದ್ದರು. ಯಜಮಾನರು ತೋಳು ಹಿಡಿದು ಕೂರಿಸಿದರು. ಮತ್ತೆ ಮೊದಲಿನಿಂದ ಬಂತು, ನಿಧಾನವಾಗಿ, ಹೊಲಿಗೆ ಹಾಕಿದಷ್ಟು ಒಂದೇ ಸಮನೆ. ಜನ ದನಿಗೂಡಿಸಿದರು. ತಮಿಳು ನಾಲಿಗೆ, ಕನ್ನಡ ನಾಲಿಗೆ, ಎಲ್ಲ ಸೇರಿ ಇಂಗ್ಲಿಷು ಕೀರ್ತನೆ. ಬೆಂಚಿನ ಮೇಲೆ ಆಕೆ ಮಡಿಲಲ್ಲೇ ಬೆರಳಾಡಿಸುತ್ತಾ ಅಳುತ್ತಿದ್ದರು. ನಾನೂ ಅತ್ತೆ. ಅಷ್ಟೊಂದು ನಾಲಿಗೆಗಳ ನಡುವೆ ಹಾಡಿನ ಒಂದಕ್ಷರವೂ ತಿಳಿಯಲಿಲ್ಲ, ಅಳು ಹೇಗೆ ಬಂತೋ.

ಹಾಡು ಮುಗಿದ ಮೇಲೆ ಒಳಗೆ ಹೋದೆವು. ನೋಡಿದೊಡನೆ ಶರಣಮ್ಮ ಸ್ಟೂಲಿನಿಂದ ಎದ್ದು ನಿಂತಳು. ಹಾರ್ಲನ್ ಅಮ್ಮ ಅವಳ ಕಡೆಗೆ ಹೋಗಲಿಲ್ಲ, ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ತಟ್ಟನೆ ಕೂತರು. ಅವರು ಕೂತದ್ದನ್ನು ನೋಡಿಕೊಂಡು ಅವಳೂ ಕೂತಳು. ಬ್ರೆಡ್ಡಿನ ಚೂರು, ನೀರಿನ ಪುಟ್ಟ ಲೋಟಗಳ ಪ್ರಸಾದ ಹಂಚಿದರು. ನಾನು ಕೈಮುಗಿದು ಮುಂದಕ್ಕೆ ದಾಟಿಸಿದೆ, ಯಾರೂ ಬೇಸರಪಡಲಿಲ್ಲ. ಉಳಿದ ಹಾಡುಗಳನ್ನೂ ಶರಣಮ್ಮನೇ ನುಡಿಸಿದಳು.

ಎಲ್ಲ ಮುಗಿಯುವ ಹೊತ್ತಿಗೆ ನಯಾಜ್ ಆಟೋ ಸರಿಮಾಡಿಸಿ ಗೇಟಿನ ಬಳಿ ಬಂದಿದ್ದ. ಜನ ಹಾರ್ಲನ್ ದಂಪತಿಯನ್ನು ಸುತ್ತುವರಿದು ಕೈಕುಲುಕಿದರು. ಒಬ್ಬಿಬ್ಬರು ಕಾಲಿಗೂ ಬೀಳಹೋದರು, ಯಜಮಾನರು ಗಾಬರಿಯಿಂದ ಹಿಂದೆ ಸರಿದರು. ಕೊನೆಗೆ ಆಕೆ ಕೀಬೋರ್ಡಿನ ಹತ್ತಿರ ಹೋದರು. ನಾಲ್ಕೈದು ಹೆಂಗಸರ ಒತ್ತಾಯಕ್ಕೆ ಶರಣಮ್ಮ ಮೊದಲಿನ ಹಾಡನ್ನೇ ಮತ್ತೆ ನುಡಿಸುತ್ತಿದ್ದಳು. ಆಕೆಯನ್ನು ಕಂಡು ಅವಳ ಕೈ ತಡವರಿಸಿತು, ಮೈ ಅರ್ಧ ಮೇಲಕ್ಕೆ ಬಂತು. ಹಾರ್ಲನ್ ಅಮ್ಮ ಅವಳ ತಲೆಯ ಮೇಲೊಮ್ಮೆ ಕೈಯಿಟ್ಟು ಬಾಗಿಲ ಕಡೆಗೆ ತಿರುಗಿದರು.

ಆಟೋ ಹತ್ತುವ ಮುಂಚೆ ನಾನು ಸಭೆಯ ಕಿಟಕಿಯಲ್ಲಿ ಇಣುಕಿದೆ. ಕಲಿಸಿದವರು ಇನ್ನೂ ಗೇಟಿನಲ್ಲಿ ನಿಂತೇ ಇದ್ದರು. ಶರಣಮ್ಮ ಅವರನ್ನೇ ನೋಡುತ್ತಾ ಅಳುತ್ತಿದ್ದಳು, ಕೂತೇ ಇದ್ದಳು, ನುಡಿಸುತ್ತಲೇ ಇದ್ದಳು.