ಗಡಿಬಿಡಿಗೊಂದು ಮನೆ ಸಿಗುವವರೆಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಹಡಿಯ ಮೇಲಿನ ಎರಡು ಕೋಣೆಯ ಮನೆ. ಅಡುಗೆಮನೆಯ ದೀಪದ ಬೆಳಕು ಬಿದ್ದಷ್ಟು ಜಾಗದಲ್ಲಿ, ಐವತ್ತು ದಾಟಿದ ಮನುಷ್ಯರೊಬ್ಬರು ಚಕ್ಕಳಮಕ್ಕಳ ಹಾಕಿ ಕುಳಿತು ರಟ್ಟಿನ ಪೆಟ್ಟಿಗೆಗೆ ಹೆಂಡತಿಯ ಶಾಲು ತುಂಬುತ್ತಿದ್ದಾರೆ. ಮುಚ್ಚಳ ಮಡಚಿ ಅಗಲವಾದ ಟೇಪು ಎಳೆಯುತ್ತಾರೆ. ಗರ್ರೆಂದು ಸದ್ದು. ಆ ಸದ್ದಿಗೆ ಮೂಲೆಯಲ್ಲಿದ್ದ ಕಂದು ನಾಯಿ ಎದ್ದು ಬಾಗಿಲಿಗೆ ಓಡುತ್ತದೆ, ಸಂದಿ ಮೂಸುತ್ತದೆ, ತಿರುಗಿ ಬಂದು ಪೆಟ್ಟಿಗೆ ಮೂಸುತ್ತದೆ, ಮತ್ತೆ ಬಾಗಿಲಿಗೆ. ನೆಲದ ಮೇಲೆ ಉಗುರುಗಳ ಟಕಟಕ ನಿಲ್ಲುವುದೇ ಇಲ್ಲ.

ಅವರು ಅವಸರ ಮಾಡುವುದಿಲ್ಲ. ಟೇಪು ಕಿತ್ತು, ಶಾಲು ಹೊರತೆಗೆದು, ನಾಯಿಯ ಮೂಗಿಗೆ ಹಿಡಿದು, ಗೂಟಕ್ಕೆ ತೂಗುಹಾಕುತ್ತಾರೆ. "ನೋಡಿದ್ಯಾ? ಯಾರೂ ಎಲ್ಲಿಗೂ ಹೋಗ್ತಿಲ್ಲ. ಶಾಲೂ ಇಲ್ಲೇ ಇದೆ, ನಾನೂ ಇಲ್ಲೇ ಇದೀನಿ" ಎಂದು ಒಂದು ಚೂರು ಬ್ರೆಡ್ ಕೊಡುತ್ತಾರೆ. ನಾಯಿ ಬ್ರೆಡ್ಡನ್ನು ನುಂಗುತ್ತದೆ, ಮಾತನ್ನು ನಂಬುವುದಿಲ್ಲ. ಶಾಲು ಮತ್ತೆ ಪೆಟ್ಟಿಗೆ ಸೇರುತ್ತದೆ.

"ರೀ, ಹೊರಗೆ ಚಳಿ ಇದೆ" ಎಂದು ಒಳಗಿನಿಂದ ಹೆಂಡತಿಯ ದನಿ. "ಪಾಠ ಮುಗಿದಿದ್ರೆ ನನ್ನ ಶಾಲು ಕೊಡ್ತೀರಾ? ನಾನು ಕೆಲಸಕ್ಕೆ ಹೋಗ್ಬೇಕು."

ಮನೆ ಬದಲಿಸುವವರ ಸಾಮಾನು ಕಟ್ಟಿ, ಲಾರಿಗೆ ಏರಿಸಿ, ಹೊಸ ಮನೆಯಲ್ಲಿ ಇಳಿಸಿಕೊಡುವುದು ಈ ಮನುಷ್ಯರ ಕಸುಬು. ಜೊತೆಯವರೆಲ್ಲ 'ಹಗ್ಗದಣ್ಣ' ಎನ್ನುತ್ತಾರೆ. ಅವರು ಹಗ್ಗ ಬಿಗಿದ ಬೀರು, ಲಾರಿ ಎಂಥ ಗುಂಡಿಗೆ ಇಳಿದು ಎದ್ದರೂ ಕಮಕ್ ಕಿಮಕ್ ಎನ್ನುವುದಿಲ್ಲ ಎಂಬುದು ಆ ಹೆಸರಿನ ಹಿಂದಿನ ಕತೆ. ಕಸುಬಿನ ಮಗ್ಗುಲಲ್ಲೇ ಅವರಿಗೆ ಇನ್ನೊಂದು ಕೆಲಸ ಅಂಟಿಕೊಂಡಿದೆ. ದಿಕ್ಕಿಲ್ಲದ ನಾಯಿಗಳಿಗೆ ಶಾಶ್ವತವಾದ ಮನೆ ಸಿಗುವತನಕ ತಮ್ಮ ಮನೆಯ ಮೂಲೆಯಲ್ಲಿ ಜಾಗ ಕೊಡುವುದು. ಸಂಬಳವಿಲ್ಲ, ರಜೆಯಿಲ್ಲ, ಫೋಟೊ ಹಿಡಿಯುವವರಿಲ್ಲ.

"ಮನೆ ಖಾಲಿ ಮಾಡೋವಾಗ ಜನ ಏನೇನೋ ಬಿಟ್ಟು ಹೋಗ್ತಾರೆ" ಎನ್ನುತ್ತಾರೆ. "ಕಾಲು ಮುರಿದ ಕುರ್ಚಿ, ಹಳೇ ಪರದೆ, ಗಿಡದ ಕುಂಡ. ಒಂದೊಂದು ಸಲ ನಾಯಿ." ಮೊದಲು ಸಿಕ್ಕಿದ್ದು ಕಣ್ಣು ಮಂಜಾದ ಮುದಿ ನಾಯಿ, ಬೀಗ ಹಾಕಿದ ಮನೆಯ ಹಿತ್ತಲಲ್ಲಿ. ಅದನ್ನು ಎತ್ತಿಕೊಂಡು ನಾಯಿಗಳ ಆಶ್ರಯಕ್ಕೆ ಹೋದರೆ ಅಲ್ಲಿ ಕಾಲಿಡಲು ಜಾಗವಿಲ್ಲ. ಅಲ್ಲಿನ ವೈದ್ಯೆ, "ಒಂದು ವಾರ ನಿಮ್ಮನೇಲೇ ಇಟ್ಕೊಳ್ಳಿ, ಅಷ್ಟರಲ್ಲಿ ಯಾರನ್ನಾದರೂ ಹುಡುಕ್ತೀನಿ" ಎಂದರು. ಆ ಒಂದು ವಾರ ಇನ್ನೂ ಮುಗಿದಿಲ್ಲ. ಆ ಮುದಿ ನಾಯಿಯೂ ಸೇರಿ ಹತ್ತಿರ ಹತ್ತಿರ ಹದಿನೈದು ನಾಯಿಗಳು ಈ ಮೂಲೆಯಲ್ಲಿ ಮಲಗಿ, ಮೈ ತುಂಬಿಕೊಂಡು, ಬೇರೆ ಬೇರೆ ಮನೆ ಸೇರಿವೆ.

ಈಗಿರುವುದರ ಹೆಸರು ಗಡಿಬಿಡಿ. ಹೆಸರಿಟ್ಟವರು ಹೆಂಡತಿ. ಕೂತಲ್ಲಿ ಕೂರುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ, ಉಣ್ಣುವಾಗಲೂ ಬಾಗಿಲ ಮೇಲೊಂದು ಕಣ್ಣು. ಅದು ಸಿಕ್ಕ ಮನೆಯ ಸಾಮಾನು ಕಟ್ಟಿದವರು ಹಗ್ಗದಣ್ಣನೇ. ದೊಡ್ಡ ಮನೆ, ಎರಡು ದಿನದ ಕೆಲಸ. ನಾಯಿ ಕೋಣೆಯಿಂದ ಕೋಣೆಗೆ ಅವರ ಹಿಂದೆಯೇ ಸುತ್ತುತ್ತಿತ್ತಂತೆ. ಒಂದು ಕೋಣೆ ಬರಿದಾದರೆ ಪಕ್ಕದ ಕೋಣೆಗೆ ಹೋಗಿ ಮಲಗುವುದು, ಅದೂ ಬರಿದಾದರೆ ಇನ್ನೊಂದಕ್ಕೆ. ಕೊನೆಗೆ ಮನೆಯವರು ಅದನ್ನು ಹಿಂದಿನ ಜಗಲಿಯ ಕಂಬಕ್ಕೆ ಕಟ್ಟಿದರು. ಹಗ್ಗದಣ್ಣ ಕೇಳಿದ್ದಕ್ಕೆ ಯಜಮಾನ, "ಅದನ್ನ ಕರ್ಕೊಂಡು ಹೋಗೋಕೆ ಬೇರೆಯವರು ಬರ್ತಾರೆ" ಎಂದು ಕಾರು ಹತ್ತಿದ.

ಹೊಸ ಮನೆಯಲ್ಲಿ ಸಾಮಾನು ಇಳಿಸಿದ ಮೇಲೂ ಇವರ ಜೀವ ಸುಮ್ಮನಿರಲಿಲ್ಲ. ಮನೆಗೆ ಹೋಗುವ ಬಸ್ಸು ಬಿಟ್ಟು ಆ ಖಾಲಿ ಮನೆಯ ಕಡೆಯ ಬಸ್ಸು ಹತ್ತಿದರು. ನಾಯಿ ಅಲ್ಲೇ ಇತ್ತು. ನೀರಿನ ಬಟ್ಟಲು ಮಗುಚಿತ್ತು. ಯಾರೂ ಬಂದಿಲ್ಲವೆಂದು ಪಕ್ಕದ ಮನೆಯವರು ಹೇಳಿದರು. ಯಜಮಾನನ ಫೋನ್ ರಿಂಗಾಗಿ ರಿಂಗಾಗಿ ನಿಂತಿತು. ಮೆಟ್ಟಿಲ ಮೇಲೆ ಕೂತು ಕಾದರು. ಕತ್ತಲಾಗುವ ಹೊತ್ತಿಗೆ ನಾಯಿಯ ಕೊರಳಿಗೆ ತಮ್ಮ ಹಗ್ಗ ಕಟ್ಟಿ ನಡೆಸಿಕೊಂಡು ಬಂದರು.

"ಆ ಎರಡು ದಿನ ಅದು ಕೇಳಿದ್ದು ನನ್ನ ಟೇಪಿನ ಸದ್ದು" ಎನ್ನುತ್ತಾರೆ, ನಾಯಿಯ ಕಡೆ ನೋಡದೆ. "ಗರ್ ಅಂದಾಗೆಲ್ಲ ಒಂದೊಂದು ಕೋಣೆ ಖಾಲಿ ಆಯ್ತು. ಕೊನೆಗೆ ಜನಾನೂ ಖಾಲಿ ಆದ್ರು. ಅದು ತಪ್ಪು ತಿಳ್ಕೊಂಡಿಲ್ಲ, ಸರಿಯಾಗೇ ತಿಳ್ಕೊಂಡಿದೆ. ಅದಕ್ಕೇ ಕಷ್ಟ."

ಎಷ್ಟು ಕಷ್ಟವೆಂಬುದು ಆಮೇಲೆ ಗೊತ್ತಾಯಿತು. ವೈದ್ಯೆ ಒಂದು ಒಳ್ಳೆಯ ಮನೆಯನ್ನೇ ಹುಡುಕಿದ್ದರು. ಗಂಡ ಹೆಂಡತಿ ಇಬ್ಬರಿಗೂ ನಾಯಿಯೆಂದರೆ ಪ್ರಾಣ. ಆದರೆ ವಾರ ಕಳೆಯುವುದರೊಳಗೆ, ಅಂಗಡಿಗೆ ಹಿಂದಿರುಗಿಸಬೇಕಾದ ಒಂದು ಪಾರ್ಸೆಲ್ಲಿಗೆ ಅವರು ಟೇಪು ಸುತ್ತಿದ್ದೇ ತಡ, ಗಡಿಬಿಡಿ ಕಿಟಕಿಯ ಬಲೆ ಹರಿದುಕೊಂಡು ರಸ್ತೆಗೆ ಹಾರಿತು. ವಾಹನಗಳ ನಡುವೆ ಅದು ಬದುಕಿದ್ದೇ ಹೆಚ್ಚು. ಮಾರನೇ ದಿನ ಆ ಹೆಂಡತಿ ಅಳುತ್ತಲೇ ವಾಪಸು ತಂದುಬಿಟ್ಟರು. "ನಮ್ಮ ಕೈಲಾಗಲ್ಲ, ದಯವಿಟ್ಟು ಬೇಜಾರು ಮಾಡ್ಕೋಬೇಡಿ" ಎಂದರು. ಬೆಳಗಿನ ಪೆಟ್ಟಿಗೆಯ ಪಾಠ ಶುರುವಾದದ್ದು ಅಲ್ಲಿಂದ.

ಪಾಠಕ್ಕೆ ಪುರುಸೊತ್ತು ಕಡಿಮೆ. ಕೆಳಗಿನ ಮನೆಯಲ್ಲಿರುವ ಒಡತಿ ಎರಡು ಸಲ ಮೆಟ್ಟಿಲು ಹತ್ತಿ ಬಂದಿದ್ದಾರೆ. "ಬೆಳಗಾಗೋ ಮುಂಚೆ ನನ್ನ ತಲೆ ಮೇಲೆ ಯಾರೋ ಕವಾಯತು ಮಾಡ್ತಾರೆ. ಈ ತಿಂಗಳು ಮುಗಿಯೋದರೊಳಗೆ ಒಂದೋ ನಾಯಿ, ಇಲ್ಲಾ ನೀವು" ಎಂದು ಹೇಳಿಹೋಗಿದ್ದಾರೆ. ಊರವರ ಮನೆ ಸಾಗಿಸುವವರಿಗೆ ತಮ್ಮ ಮನೆಯನ್ನೇ ಸಾಗಿಸುವ ಪಾಳಿ ಬರುವ ಹಾಗಿದೆ. ಮಧ್ಯಾಹ್ನ ಯಾರದೋ ಮನೆಯ ಮಂಚ ಬಿಚ್ಚುತ್ತಿದ್ದರೂ ಅವರ ಕೈ ಜೇಬಿನ ಫೋನಿಗೆ ಹೋಗಿ ಬರುತ್ತದೆ. ಒಡತಿಯ ಕರೆಯೋ, ವೈದ್ಯೆಯ ಕರೆಯೋ ಎಂಬ ಕಳವಳ. ಸಂಜೆ ಮನೆಗೆ ಬಂದರೂ ಕಾಲು ಚಾಚಿ ಕೂರುವುದಿಲ್ಲ. ನಾಯಿ ಬಾಗಿಲಿಗೆ ಹೋದರೆ ಇವರು ಕಿಟಕಿಗೆ.

ಶಿಶುವಿಹಾರದಲ್ಲಿ ಆಯಾ ಆಗಿರುವ ಹೆಂಡತಿ ಇಬ್ಬರನ್ನೂ ನೋಡಿ ನಗುತ್ತಾರೆ. "ಆ ಹೆಸರು ನಾಯಿಗೆ ಇಟ್ಟೆ. ನ್ಯಾಯವಾಗಿ ಮೊದಲು ಇವರಿಗೇ ಇಡಬೇಕಿತ್ತು." ನಾಯಿಯನ್ನು ತಾವೇ ಇಟ್ಟುಕೊಳ್ಳಬಾರದೇಕೆ ಎಂದು ಕೇಳಿದರೆ ಅವರ ನಗು ನಿಲ್ಲುತ್ತದೆ. "ಇರೋದು ಒಂದು ಮೂಲೆ. ಇದನ್ನ ಇಟ್ಕೊಂಡ್ರೆ ಮುಂದಿನದು ಎಲ್ಲಿಗೆ ಹೋಗತ್ತೆ? ಇವರೂ ಹಾಗೇ ಹೇಳ್ತಾರೆ. ಆದ್ರೆ ಪ್ರತಿ ಸಲ ಒಂದನ್ನ ಕಳಿಸಿ ಬಂದ ಮೇಲೆ ಎರಡು ದಿನ ಇವರಿಗೆ ಊಟ ಸೇರಲ್ಲ. ಕೇಳಿದ್ರೆ ಹೊಟ್ಟೆ ಸರಿಯಿಲ್ಲ ಅಂತಾರೆ."

ಭಾನುವಾರ ವೈದ್ಯೆ ಒಬ್ಬರನ್ನು ಕರೆತರುತ್ತಾರೆ. ಬೇಕರಿ ನಡೆಸುವ ಹೆಂಗಸು, ಮೂವತ್ತೈದರ ಆಸುಪಾಸು. ತೋಳಿನ ಮೇಲೆ ಒಲೆ ತಾಗಿ ಸುಟ್ಟ ಕಲೆಗಳು. ಮನೆ ಬೇಕರಿಯ ಹಿಂಭಾಗದಲ್ಲೇ ಇದೆ, ಗಂಡ ಒಲೆಯ ಮುಂದೆ, ಮಾವ ಗಲ್ಲಾದಲ್ಲಿ. ಹೊತ್ತು ಯಾವುದೇ ಇರಲಿ, ಯಾರಾದರೊಬ್ಬರು ಎದ್ದಿರುತ್ತಾರೆ. ಹಳೆಯ ನಾಯಿ ವಯಸ್ಸಾಗಿ ತೀರಿಕೊಂಡು ವರ್ಷವಾಯಿತಂತೆ.

ಹಗ್ಗದಣ್ಣ ಅವರಿಗೆ ಕುರ್ಚಿ ಕೊಟ್ಟು ಗಡಿಬಿಡಿಯ ದೋಷಗಳನ್ನು ಒಂದೊಂದಾಗಿ ಬಿಚ್ಚಿಡುತ್ತಾರೆ. ಕಿಟಕಿ ಹಾರಿದ್ದು, ಚಪ್ಪಲಿ ಕಡಿದದ್ದು, ಒಂಟಿಯಾಗಿ ಬಿಟ್ಟರೆ ಊಳಿಡುವುದು. ವೈದ್ಯೆ ಕೆಮ್ಮುತ್ತಾರೆ, ಕಣ್ಸನ್ನೆ ಮಾಡುತ್ತಾರೆ, ಕೊನೆಗೆ ಬಾಯಿಬಿಟ್ಟೇ ಹೇಳುತ್ತಾರೆ: "ಹಗ್ಗದಣ್ಣ, ಅದರ ಒಳ್ಳೆ ಗುಣಾನೂ ಒಂದೆರಡು ಹೇಳಿ."

"ಅದನ್ನ ಅವರೇ ನೋಡ್ಕೋತಾರೆ, ಡಾಕ್ಟ್ರಮ್ಮ. ಇದನ್ನ ನಾನೇ ಹೇಳ್ಬೇಕು. ಇನ್ನೊಂದು ಸಲ ಇದು ವಾಪಸು ಬರಬಾರದು." ಬೇಕರಿಯಾಕೆಯ ಕಡೆ ತಿರುಗಿ, "ತಂಗಿ, ಎಲ್ಲಕ್ಕಿಂತ ಮುಖ್ಯ, ಇದಕ್ಕೆ ಟೇಪಿನ ಸದ್ದು ಆಗಲ್ಲ" ಎನ್ನುತ್ತಾರೆ.

ಆಕೆಯ ಮುಖ ಸಪ್ಪಗಾಗುತ್ತದೆ. "ಅಣ್ಣ, ನಮ್ಮ ಮಾವ ದಿನವಿಡೀ ಮಾಡೋದೇ ಅದು. ಕೇಕಿನ ಡಬ್ಬಕ್ಕೆ ಟೇಪು ಹಾಕೋದು."

ನಾಯಿ ಬಾಗಿಲಿಗೂ ಕುರ್ಚಿಗೂ ನಡುವೆ ಓಡಾಡುತ್ತಿದೆ. ಹಗ್ಗದಣ್ಣ ಬೇಡವೆಂದು ತಲೆಯಾಡಿಸುತ್ತಾರೆ. ಬೇಕರಿಯಾಕೆ ಏಳುವುದಿಲ್ಲ. ಅವರು ನಾಯಿಯನ್ನೇ ಬಹಳ ಹೊತ್ತು ನೋಡಿ, "ಒಂದು ಸಲ ಅಂಗಡಿಗೆ ಕರ್ಕೊಂಡು ಬನ್ನಿ. ನೀವೂ ಜೊತೆಗಿರಿ. ಸರಿಹೋಗದಿದ್ರೆ ನಿಮ್ಮ ಹಗ್ಗ ನಿಮ್ಮ ಕೈಲೇ ಇರತ್ತಲ್ಲ" ಎನ್ನುತ್ತಾರೆ.

ಮೊದಲ ದಿನವೇ ಎಡವಟ್ಟು. ಮಾವ ಗಲ್ಲಾದ ಹಿಂದೆ ಟೇಪು ಎಳೆದದ್ದೇ ಗಡಿಬಿಡಿ ಹಗ್ಗ ಜಗ್ಗಿ, ಕೊರಳುಪಟ್ಟಿಯಿಂದ ತಲೆ ಕಳಚಿಕೊಂಡು, ಗಿರಾಕಿಗಳ ಕಾಲಸಂದಿಯಲ್ಲಿ ನುಸುಳಿ ಬೀದಿಗೆ ಬೀಳುತ್ತದೆ. ಹಗ್ಗದಣ್ಣ ಹಿಂದೆ ಓಡುತ್ತಾರೆ. ಭಾರ ಹೊತ್ತು ಹೊತ್ತು ಸವೆದ ಮಂಡಿ, ಒಂದು ಕಾಲಲ್ಲಿ ಚಪ್ಪಲಿಯಿಲ್ಲ. ಮೂರನೆಯ ತಿರುವಿನಲ್ಲಿ, ಮುಚ್ಚಿದ ಅಂಗಡಿಯೊಂದರ ಬಾಗಿಲಿಗೆ ಬೆನ್ನು ಒತ್ತಿ ನಡುಗುತ್ತಿರುವ ನಾಯಿ ಸಿಗುತ್ತದೆ. ಅದನ್ನು ಎದೆಗವಚಿಕೊಂಡು ಮರಳಿದವರು, "ಆಗಲ್ಲ ತಂಗಿ. ಇದಕ್ಕೆ ಈ ಹಿಂಸೆ ಬೇಡ" ಎಂದು ತಿರುಗಿ ಹೊರಡುತ್ತಾರೆ.

ಬೇಕರಿಯಾಕೆ ಹಿಟ್ಟಿನ ಕೈಯಲ್ಲೇ ಅಡ್ಡ ನಿಲ್ಲುತ್ತಾರೆ. "ಅಣ್ಣ, ನನ್ನ ಹಿಟ್ಟೇ ಬೆಚ್ಚಗಿಟ್ಟು ಕಾಯದೆ ಉಬ್ಬಲ್ಲ. ನಾಯಿಗೆ ಅಷ್ಟೂ ಹೊತ್ತು ಕೊಡಲ್ವಾ? ನಾಳೆ ಬನ್ನಿ. ಬೀದಿ ಬಾಗಿಲಿಗೆ ಅಡ್ಡ ಹಲಗೆ ಇಡಿಸ್ತೀನಿ."

ಅವರು ಮಾರನೇ ದಿನ ಹೋಗುತ್ತಾರೆ, ಅದರ ಮರುದಿನವೂ. ಲಾರಿ ಹೊರಡುವ ಮುಂಚಿನ ಹೊತ್ತು ಬೇಕರಿಯ ಮೂಲೆಯಲ್ಲಿ ಒಂದು ಹಿಟ್ಟಿನ ಡಬ್ಬದ ಮೇಲೆ, ಪಕ್ಕದಲ್ಲಿ ನಾಯಿ. ಗಲ್ಲಾದ ಮಾವ ಮಾತು ಕಡಿಮೆಯ ಮನುಷ್ಯ. ನಾಯಿಯನ್ನು ಮುದ್ದಿಸುವುದಿಲ್ಲ, ಕರೆಯುವುದೂ ಇಲ್ಲ. ಟೇಪು ಎಳೆಯುತ್ತಾರೆ, ಡಬ್ಬ ಕೊಡುತ್ತಾರೆ, ಚಿಲ್ಲರೆ ಎಣಿಸುತ್ತಾರೆ, ಮತ್ತೆ ಟೇಪು. ಗಡಿಬಿಡಿ ಪ್ರತಿ ಸದ್ದಿಗೂ ಏಳುತ್ತದೆ, ಹಲಗೆಗೆ ಮೂಗು ತಾಗಿಸುತ್ತದೆ, ತಿರುಗಿ ಬಂದು ಮಾವನ ಕಾಲು ಮೂಸುತ್ತದೆ. ಕಾಲು ಇದ್ದಲ್ಲೇ ಇದೆ. ಒಲೆಯ ಕಡೆ ಹೋಗಿ ನೋಡುತ್ತದೆ. ಗಂಡ ಹೆಂಡತಿ ಇದ್ದಲ್ಲೇ ಇದ್ದಾರೆ.

ಎರಡನೇ ವಾರ ಒಂದು ಬೆಳಗ್ಗೆ ಹಗ್ಗದಣ್ಣನಿಗೆ ತಡವಾಗುತ್ತದೆ. ನಾಯಿ ಹಿಂದಿನ ಸಂಜೆಯಿಂದಲೇ ಬೇಕರಿಯಲ್ಲಿದೆ, ಇರಲಿ ನೋಡೋಣವೆಂದು ಬೇಕರಿಯಾಕೆ ಇಟ್ಟುಕೊಂಡಿದ್ದರು. ರಾತ್ರಿ ಮನೆಯಲ್ಲಿ ಹಗ್ಗದಣ್ಣನಿಗೆ ಕಣ್ಣು ಹತ್ತಿಲ್ಲ. ಲಾರಿಯಿಂದ ಇಳಿದವರು ಒಳಗೆ ಹೋಗದೆ ಗಾಜಿನಾಚೆಯೇ ನಿಲ್ಲುತ್ತಾರೆ. ಒಳಗೆ ಮಾವ ಟೇಪು ಎಳೆಯುತ್ತಾರೆ. ಗಡಿಬಿಡಿ ತಲೆ ಎತ್ತುತ್ತದೆ. ಗಿರಾಕಿ ಡಬ್ಬ ಎತ್ತಿಕೊಂಡು ಬಾಗಿಲು ದಾಟುವುದನ್ನು ನೋಡುತ್ತದೆ, ಮಾವನನ್ನು ನೋಡುತ್ತದೆ. ಮಾವ ಚಿಲ್ಲರೆ ಎಣಿಸುತ್ತಿದ್ದಾರೆ. ಅದು ತಲೆಯನ್ನು ಮೆಲ್ಲಗೆ ಮುಂಗಾಲ ಮೇಲೆ ಇಟ್ಟುಕೊಳ್ಳುತ್ತದೆ.

"ನಾನು ಪೆಟ್ಟಿಗೆ ಕಟ್ಟಿ ಬಿಚ್ಚಿ ಕಟ್ಟಿ ಬಿಚ್ಚಿ ಹೇಳೋಕೆ ಹೆಣಗಾಡ್ತಿದ್ದೆ" ಎಂದು ಆಮೇಲೆ ಹೇಳುತ್ತಾರೆ. "ಅಲ್ಲಿ ಡಬ್ಬ ನಿಜವಾಗ್ಲೂ ಹೋಗತ್ತೆ. ಜನ ಮಾತ್ರ ಹೋಗಲ್ಲ. ಅದಕ್ಕೆ ನೋಡ್ಬೇಕಾಗಿದ್ದು ಅದೇ ಇತ್ತೇನೋ." ಅವತ್ತು ಅವರು ಬೇಕರಿಯೊಳಗೆ ಹೋಗಲೇ ಇಲ್ಲ. ಕೈಯಲ್ಲಿದ್ದ ನಾಯಿಯ ಹಗ್ಗವನ್ನು ಹೊರಗಿನ ಮೊಳೆಗೆ ನೇತುಹಾಕಿ ಲಾರಿ ಹತ್ತಿದರು. ಮನೆಗೆ ಬಂದು ಹೊಟ್ಟೆ ಸರಿಯಿಲ್ಲವೆಂದರು. ಹೆಂಡತಿಯೂ ಅಂದು ತಟ್ಟೆಯಲ್ಲಿ ಕೈಯಾಡಿಸಿ ಎದ್ದರು.

ಈಗ ಮನೆಯಲ್ಲಿ ಟಕಟಕ ಸದ್ದಿಲ್ಲ. ಕೆಳಗಿನ ಒಡತಿ ಮೆಟ್ಟಿಲ ಬುಡದಲ್ಲಿ ನಿಂತು, "ಯಾಕೆ, ಎಲ್ಲ ಸುಮ್ಮನಾಗಿಬಿಟ್ರಿ? ಆರೋಗ್ಯ ತಾನೆ?" ಎಂದು ವಿಚಾರಿಸಿದ್ದಾರೆ. ಮೌನ ಅವರಿಗೂ ಒಗ್ಗಿಲ್ಲ. ಹಗ್ಗದಣ್ಣ ಮೂಲೆಯನ್ನು ಗುಡಿಸಿ, ನಾಯಿ ಮಲಗುತ್ತಿದ್ದ ಗೋಣಿ ಒಗೆದು ಒಣಹಾಕಿದ್ದಾರೆ. ವೈದ್ಯೆಯ ಫೋನ್ ಬಂದಾಗಿದೆ. ಮೂರು ಕಾಲಿನದೊಂದು, ಬೊಗಳುವುದನ್ನೇ ಮರೆತದ್ದು, ಆಶ್ರಯದಲ್ಲಿ ಕಾಯುತ್ತಿದೆ. ಒಡತಿಗೆ ಏನು ಹೇಳುವುದೆಂದು ಗಂಡ ಹೆಂಡತಿ ಇನ್ನೂ ಪಿಸುಗುಡುತ್ತಿದ್ದಾರೆ.

ಬೇಕಾದದ್ದು ಏನಾದರೂ ಇದೆಯೇ ಎಂದರೆ ಹಗ್ಗದಣ್ಣ ಸಂಕೋಚದಿಂದ ಕತ್ತು ಕೆರೆದುಕೊಳ್ಳುತ್ತಾರೆ.

"ಸಾಮಾನು ಸಾಗಿಸೋಕೆ ಫೋನ್ ಮಾಡೋರು ಬೀರು ಎಷ್ಟು, ಮಂಚ ಎಷ್ಟು ಅಂತ ಹೇಳ್ತಾರೆ. ಹಾಗೇ 'ಮನೇಲಿ ನಾಯಿ ಇದೆ, ಅದೂ ಬರತ್ತೆ' ಅಂತ ಒಂದು ಮಾತು ಹೇಳಲಿ. ಅದಕ್ಕೆ ಮುಂದಿನ ಸೀಟು ಬಿಟ್ಟುಕೊಡ್ತೀನಿ. ನಾನು ಹಿಂದೆ ಹಾಸಿಗೆ ಗಂಟಿನ ಮೇಲೆ ಕೂತು ಬರ್ತೀನಿ."