ಬಿಜಾಪುರಕ್ಕೆ ಒಯ್ದ ನಾಲ್ಕು ಖಣ

ನಮ್ಮ ಅತ್ತೆಗೆ ಗೋಳಗುಮ್ಮಟ ನೋಡುವ ಆಸೆ ಬಹಳ ವರ್ಷದ್ದು. ಅಥಣಿಯಿಂದ ಬಿಜಾಪುರ ಎರಡು ತಾಸಿನ ಹಾದಿ. ಆದರೂ ಅರವತ್ತು ದಾಟುವವರೆಗೆ ಅವರು ಆ ದಿಕ್ಕಿಗೆ ಹೋಗಿರಲಿಲ್ಲ. ಪಂಢರಪುರ ನೋಡಿದ್ದರು, ಕೊಲ್ಹಾಪುರ ನೋಡಿದ್ದರು, ಮಿರಜದ ದವಾಖಾನೆಗೆ ಎಷ್ಟು ಸಲ ಹೋಗಿದ್ದರೋ ಅವರಿಗೇ ನೆನಪಿರಲಿಲ್ಲ. ದೇವರ ದರ್ಶನ ಇಲ್ಲವೇ ಡಾಕ್ಟರರ ದರ್ಶನ, ಇವೆರಡು ಬಿಟ್ಟು ಹೆಂಗಸರು ಸುಮ್ಮನೆ ಊರು ನೋಡಲು ಹೋಗುವ ರೂಢಿ ನಮ್ಮ ಮನೆಯಲ್ಲಿ ಇರಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಸಂಕ್ರಾಂತಿ ಕಳೆದ ವಾರ ನಾವು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುವ ಮಗ್ಗುಲ ಮನೆಯಾಕೆ ಒಂದು ಟ್ರ್ಯಾಕ್ಸ್ ಗಾಡಿ ಗೊತ್ತು ಮಾಡಿದಳು. ತೋಟದಲ್ಲಿ ದ್ರಾಕ್ಷಿ ಇನ್ನೂ ಹುಳಿ ಇತ್ತು, ಕಟಾವಿಗೆ ತಿಂಗಳಿತ್ತು. ಗಂಡಸರು ಹೂಂ ಅಂದರು. ಓಣಿಯ ಎಂಟು ಮಂದಿ ಹೆಂಗಸರು ಹೊರಟೆವು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಮಡಕಿ ಕಾಳಿನ ಪಲ್ಯ, ಗಟ್ಟಿ ಮೊಸರು ಎಲ್ಲ ಹಿಂದಿನ ದಿನವೇ ಕಟ್ಟಿ ಇಟ್ಟಿದ್ದೆ. ಕೊನೆಯ ಗಳಿಗೆಯಲ್ಲಿ ಅತ್ತೆ ಹೇಳಿದರು, "ಚೀಲದಾಗ ನಾಕು ಖಣಾ ಹಾಕ್ಕೊ ಬೇ. ಪರ ಊರು. ಯಾರ ಮನಿ ಹೊಸ್ತಲಾ ತುಳಿಯೂ ಹೊತ್ತು ಬರತೈತೋ."

ಕುಪ್ಪಸದ ಬಟ್ಟೆಗೆ ನಾವು ಖಣ ಅನ್ನುತ್ತೇವೆ. ಮುತ್ತೈದೆ ಮನೆಗೆ ಬಂದರೆ ಹೋಗುವಾಗ ಅವಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಒಂದು ಖಣ ಇಟ್ಟು ಉಡಿ ತುಂಬಬೇಕು. ಹಾಗೆ ಬಂದ ಖಣಗಳನ್ನೆಲ್ಲ ಹೊಲಿಸಲು ಆಗುತ್ತದೆಯೇ? ಒಂದು ಮನೆಯಿಂದ ಬಂದದ್ದು ಇನ್ನೊಂದು ಮನೆಗೆ ಹೋಗುತ್ತದೆ. ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ ಇದು, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಕೊಟ್ಟವರಿಗೇ ತಿರುಗಿ ಹೋಗಬಾರದು, ಅಷ್ಟೇ ಎಚ್ಚರ. ಆ ಎಚ್ಚರಕ್ಕೆ ನಾನು ಒಂದು ಪದ್ಧತಿ ಮಾಡಿಕೊಂಡಿದ್ದೆ. ಮ್ಯಾಟ್ರಿಕ್‌ವರೆಗೆ ಓದಿದವಳು, ಬರೆದಿಡುವ ಚಟ. ಖಣ ಮನೆಗೆ ಬಂದ ದಿನವೇ ಯಾರ ಕಡೆಯಿಂದ ಬಂತು, ಬಟ್ಟೆ ಹೇಗಿದೆ, ಮುಂದೆ ಎಂಥವರಿಗೆ ಕೊಡಬಹುದು ಎಂದು ಸಣ್ಣ ಚೀಟಿಯಲ್ಲಿ ಬರೆದು ಮಡಿಕೆಯ ಒಳಗೆ ಟಾಚಣಿಯಿಂದ, ಅಂದರೆ ಗುಂಡುಸೂಜಿಯಿಂದ, ಚುಚ್ಚಿ ಟ್ರಂಕಿನಲ್ಲಿ ಇಡುತ್ತಿದ್ದೆ. ಕೊಡುವ ದಿನ ಚೀಟಿ ತೆಗೆಯುತ್ತಿದ್ದೆ. ಓಣಿಯ ಹೆಂಗಸರು ನನ್ನ ಅಚ್ಚುಕಟ್ಟು ಹೊಗಳುತ್ತಿದ್ದರು. ನನಗೂ ಅದರ ಬಗ್ಗೆ ಸ್ವಲ್ಪ ಜಂಬವೇ ಇತ್ತು.

ಅಂದು ನಸುಕಿನಲ್ಲಿ ಲೈಟು ಹೋಗಿತ್ತು. ಕಂದೀಲಿನ ಬೆಳಕಿನಲ್ಲಿ ಟ್ರಂಕಿನಿಂದ ನಾಲ್ಕು ಖಣ ಎತ್ತಿ ಚೀಲಕ್ಕೆ ಹಾಕಿದೆ. ಹೊರಗೆ ಟ್ರ್ಯಾಕ್ಸ್ ಹಾರ್ನ್ ಹೊಡೆಯುತ್ತಿತ್ತು.

ಗುಮ್ಮಟದ ಬಾಗಿಲಲ್ಲಿ ಗೈಡ್ ಸಿಕ್ಕರು. ಬಿಳಿ ಜುಬ್ಬಾ, ಕರಿ ಟೋಪಿ, ಕೈಯಲ್ಲಿ ಬೆತ್ತ. ಅರವತ್ತರ ಆಸುಪಾಸಿನ ಮನುಷ್ಯ. ನಮ್ಮ ಮಾತು ಕೇಳುತ್ತಲೇ ಗಡಿ ಕಡೆಯವರೆಂದು ಗುರುತಿಸಿದರು. "ನಿಮಗ ಕನ್ನಡದಾಗ ಹೇಳ್ಲೋ, ಮರಾಠಿಯೊಳಗ ಹೇಳ್ಲೋ?" ಎಂದರು. ಅತ್ತೆ, "ಎರಡೂ ಕಲಸಿ ಹೇಳ್ರಿ, ನಾವು ಹಂಗ ಮಾತಾಡೂದು" ಅಂದರು. ಅವರು ಅತ್ತೆಯನ್ನು ಅವ್ವಾರ ಎಂದೂ ನನ್ನನ್ನು ತಂಗಿ ಎಂದೂ ಕರೆದರು. ನಾನು ಅವರಿಗೆ ಕಾಕಾರ ಎಂದೆ.

ಒಳಗೆ ನಿಂತು ಅತ್ತೆ ಕತ್ತು ಎತ್ತಿ ನೋಡಿದರು. "ಇಷ್ಟ ದೊಡ್ಡ ಮನಿ ಕಟ್ಟಿ ಒಳಗ ಯಾರ ಇರತಿದ್ರು?"

"ಸತ್ತವರ್ರಿ, ಅವ್ವಾರ."

"ಮತ್ತ ಜೀವಂತ ಇದ್ದಾಗ?"

"ಜೀವಂತ ಇದ್ದಾಗಿನ ಮನಿ ಬಿದ್ದಾವ್ರಿ. ಅವನ್ನ ಮಧ್ಯಾಹ್ನ ತೋರಸ್ತೀನಿ."

ಇಕ್ಕಟ್ಟಾದ ಮೆಟ್ಟಿಲು ಹತ್ತಿ ಮೇಲಿನ ಸುತ್ತುಮೊಗಸಾಲೆಗೆ ಹೋದೆವು. ಗೋಡೆಗೆ ಬಾಯಿ ಹಚ್ಚಿ ಒಂದು ಹೆಸರು ಅನ್ನಿರಿ ಎಂದು ಗೈಡ್ ಹೇಳಿದರು. ವೈನಿ ಹುರುಪಿನಲ್ಲಿ ತನ್ನ ಗಂಡನ ಹೆಸರನ್ನೇ ಅಂದುಬಿಟ್ಟಳು. ಗುಮ್ಮಟ ಅದನ್ನು ಏಳು ಸಲ ಅಂದಿತು. ಮದುವೆಯಲ್ಲಿ ಒಡಪು ಹಾಕಿ, ಪ್ರಾಸದ ಹಾಡಿನಲ್ಲಿ ಸೇರಿಸಿ, ಹೇಳಿದ್ದು ಬಿಟ್ಟರೆ ಅವಳು ಆ ಹೆಸರು ಎತ್ತಿದವಳಲ್ಲ.

"ಇಪ್ಪತ್ತ ವರ್ಷ ಬಾಯಾಗ ಹಿಡದದ್ದು ಇಲ್ಲಿ ಹೋತ ನೋಡ್ರಿ" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಹೆದರಬ್ಯಾಡ್ರಿ. ಇಲ್ಲಿ ಮಾತು ಇಲ್ಲೇ ತಿರಗತೈತಿ, ಅಥಣಿ ತನಕ ಬರೂದಿಲ್ಲ" ಎಂದರು ಗೈಡ್. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು. ಅಷ್ಟು ಖುಷಿಯಲ್ಲಿ ಅತ್ತೆಯನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಇಳಿಯುವಾಗ ಅವರ ಮೊಣಕಾಲು ಸೋತವು. ಕೊನೆಯ ಮೆಟ್ಟಿಲ ಮೇಲೆ ಕುಳಿತವರು ಏಳಲು ಆಗದೆ ನನ್ನ ಮುಖ ನೋಡಿದರು. ಗೈಡ್ ಸುಮ್ಮನೆ ನಿಂತು ನೋಡಲಿಲ್ಲ. "ನಮ್ಮ ಮನಿ ಇಲ್ಲೇ ಹಿಂದಿನ ಓಣ್ಯಾಗ ಐತಿ. ಉಳದವ್ರು ತೋಟದಾಗ ಕುಂತು ಊಟಾ ಮುಗಸಲಿ. ನೀವಿಬ್ರು ಬರ್ರಿ" ಎಂದು ಅತ್ತೆಯ ಕೈಗೆ ತಮ್ಮ ಬೆತ್ತ ಕೊಟ್ಟರು.

ಎರಡು ಖೋಲಿಯ ಮನೆ. ಅಂಗಳದಲ್ಲಿ ತಗಡಿನ ಡಬ್ಬಿಯಲ್ಲಿ ಬೆಳೆಸಿದ ಪುದೀನ. ಅವರ ಮನೆಯಾಕೆ ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಯಾರು ಏನು ಎಂದು ಕೇಳದೆ ಎಣ್ಣೆ ಬೆಚ್ಚಗೆ ಮಾಡಿ ತಂದು ಅತ್ತೆಯ ಕಾಲ ಬಳಿ ಕುಳಿತಳು. ಅತ್ತೆ, "ಬ್ಯಾಡ ಬೇ, ಬ್ಯಾಡ" ಅನ್ನುತ್ತಲೇ ಇದ್ದರು, ಆಕೆ ತಿಕ್ಕುತ್ತಲೇ ಇದ್ದಳು. ಆಮೇಲೆ ಚಹಾ ಕೊಟ್ಟಳು. ನಾವು ಏಳುವ ಹೊತ್ತಿಗೆ ಒಳಗೆ ಹೋಗಿ ಒಂದು ತಾಟು ತಂದಳು. ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅಂಗಡಿಯ ಕಾಗದ ಇನ್ನೂ ಬಿಚ್ಚದ ಒಂದು ಹಸಿರು ಖಣ.

"ನಮ್ಮ ತವರಮನಿ ಹಳ್ಳ್ಯಾಗ ಐತ್ರಿ. ಸಣ್ಣಾಕಿದ್ದಾಗಿಂದ ನೋಡೇನಿ. ಮೊದಲ ಸಲ ಮನಿಗಿ ಬಂದ ಹೆಣ್ಣಮಗಳು ಬರಿ ಉಡೀಲೆ ಹೋಗಬಾರ್ದು. ಕುಂಕುಮ ಮಾತ್ರ ನಮ್ಮ ಮನ್ಯಾಗ ಇಲ್ಲ. ನಿಮ್ಮ ಚೀಲದಾಗ ಇದ್ರ ನೀವ ಹಚ್ಕೋರಿ, ಅವ್ವಾರ" ಎಂದಳು.

ಅತ್ತೆ ಸೆರಗು ಒಡ್ಡಿದರು. ಅವರ ಕಣ್ಣು ತುಂಬಿದ್ದವು. ನನ್ನ ಕಡೆ ತಿರುಗಿ, "ನೀ ಅಕಿಗೆ ತುಂಬ ಬೇ" ಅಂದರು.

ಮುಂದಿನದನ್ನೂ ಬರೆಯಲೇಬೇಕು. ಚೀಲದಲ್ಲಿ ಕೈ ಹಾಕಿದಾಗ ಮೊದಲು ಸಿಕ್ಕದ್ದು ಒಳ್ಳೆಯ ಖಣವೇ. ಬೆರಳಿಗೆ ಅದರ ದಡಿ ತಾಕಿತು. ಆದರೆ ಅದೇ ವಾರ ಮುಗಳಖೋಡದ ಬೀಗರ ಮನೆಯಲ್ಲಿ ತೊಟ್ಟಿಲ ಕಾರ್ಯ ಇತ್ತು, ಅಲ್ಲಿಗೆ ಬೇಕಾಗುತ್ತದೆ ಅನ್ನಿಸಿತು. ಅದನ್ನು ಸರಿಸಿ ಕೆಳಗಿನ ತೆಳ್ಳನೆಯ ನೀಲಿ ಖಣ ತೆಗೆದೆ. ಯಾರ ಒತ್ತಾಯವೂ ಇರಲಿಲ್ಲ. ಎಣ್ಣೆಯ ವಾಸನೆ ಇನ್ನೂ ಆಕೆಯ ಕೈಯಲ್ಲಿತ್ತು. ಆಕೆ ಆ ಖಣವನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಮಡಿಲಲ್ಲಿ ಇಟ್ಟುಕೊಂಡಳು.

ನಾವಿಬ್ಬರೂ ಅಂಗಳಕ್ಕೆ ಬಂದೆವು. ಒಳಗಿನಿಂದ ಆಕೆ ಏನೋ ಅಂದದ್ದು ಕೇಳಿತು, ಗೈಡ್ ತಿರುಗಿ ಒಳಗೆ ಹೋದರು, ಎರಡು ನಿಮಿಷ ತಡೆದು ಹೊರಗೆ ಬಂದರು. ಮತ್ತೆ ಹೊರಟೆವು.

ಮಧ್ಯಾಹ್ನ ಅವರು ಹೇಳಿದ ಹಾಗೆ ಬಿದ್ದ ಅರಮನೆಗಳನ್ನು ತೋರಿಸಿದರು, ಛತ್ತು ಇಲ್ಲದ ಬಾರಾ ಕಮಾನು ತೋರಿಸಿದರು. ಇಬ್ರಾಹಿಂ ರೋಜಾದಲ್ಲಿ ಕಲ್ಲಿನ ಕಿಟಕಿಗಳಲ್ಲಿ ಕೊರೆದ ಅಕ್ಷರಗಳ ಮೇಲೆ ಬೆತ್ತದ ತುದಿ ಆಡಿಸಿ ಒಂದೊಂದೇ ಓದಿ ಅರ್ಥ ಹೇಳಿದರು. ಎಲ್ಲಿಯೂ ಅವಸರ ಮಾಡಲಿಲ್ಲ. ಅತ್ತೆಗೆ ನೆರಳು ಹುಡುಕಿ ಕೂಡಿಸಿ ಆಮೇಲೆಯೇ ಮಾತು ಶುರು ಮಾಡುತ್ತಿದ್ದರು. ಒಂದೇ ಬದಲಾವಣೆ: ಬೆಳಿಗ್ಗೆಯಿಂದ ತಂಗಿ ಅನ್ನುತ್ತಿದ್ದವರು ನನ್ನನ್ನು, ಗುರುತಿಲ್ಲದ ಹೆಂಗಸರನ್ನು ಕರೆಯುವ ಹಾಗೆ, ಬಾಯಾರ ಅನ್ನತೊಡಗಿದ್ದರು. ದಣಿದಿದ್ದಾರೆ ಎಂದುಕೊಂಡೆ.

ಸಂಜೆ ಎಲ್ಲರೂ ಟ್ರ್ಯಾಕ್ಸ್ ಹತ್ತುತ್ತಿದ್ದಾಗ ಅವರು ನನ್ನನ್ನು ಒಂದು ಕಡೆ ಕರೆದರು. ಜುಬ್ಬಾದ ಕಿಸೆಯಿಂದ ಮಡಚಿದ ಸಣ್ಣ ಕಾಗದ ತೆಗೆದು, ಅದಕ್ಕೆ ಟಾಚಣಿಯನ್ನು ಓರಣವಾಗಿ ಚುಚ್ಚಿ ನನ್ನ ಕೈಯಲ್ಲಿ ಇಟ್ಟರು.

"ಖಣದಾಗ ಇತ್ತರಿ, ಬಾಯಾರ. ನಮ್ಮ ಮನಿಯಾಕಿ ಬೆರಳಿಗೆ ಟಾಚಣಿ ಚುಚ್ಚಿತು. ಆಕಿಗೆ ಓದಾಕ ಬರೂದಿಲ್ಲ, ನನ್ನ ಕೈಯಾಗ ಕೊಟ್ಳು. ನಿಮಗ ಬೇಕಾಗಬಹುದು."

ನಾನು ಏನಾದರೂ ಅನ್ನುವ ಮೊದಲೇ ಅವರು ಅತ್ತೆಯ ಕಡೆ ಹೋಗಿ, "ಮಣಕಾಲಿಗೆ ಉಪ್ಪಿನ ಶಾಖಾ ಕೊಡ್ರಿ, ಅವ್ವಾರ" ಎಂದು ಹೇಳುತ್ತಿದ್ದರು.

ಚೀಟಿಯಲ್ಲಿ ಏನಿದೆ ಎಂದು ನೋಡದೆಯೇ ಗೊತ್ತಿತ್ತು. ಆದರೂ ಗಾಡಿಯ ಕಿಟಕಿ ಪಕ್ಕ ಕುಳಿತು ಬಿಚ್ಚಿದೆ. ನನ್ನದೇ ದುಂಡನೆಯ ಅಕ್ಷರ. "ಜುಗೂಳದವರ ಕಡೆಯಿಂದ. ತೆಳು. ಬಣ್ಣ ಬಿಡುತ್ತದೆ. ಮತ್ತೆ ಭೆಟ್ಟಿ ಆಗದವರಿಗೆ ಸಾಕು."

"ಏನದು?" ಎಂದು ಅತ್ತೆ ಕೇಳಿದರು. "ಏನಿಲ್ಲರಿ, ಟಾಚಣಿ ಬಿದ್ದಿತ್ತಂತ" ಎಂದೆ.

ಊರು ಮುಟ್ಟುವವರೆಗೆ ಅತ್ತೆ ಆ ಮನೆಯವರನ್ನೇ ಹೊಗಳಿದರು. "ಒಡಹುಟ್ಟಿದವ್ರು ಮಾಡ್ಲಿಕ್ಕಿಲ್ಲ ಇಷ್ಟು" ಎಂದು ಮತ್ತೆ ಮತ್ತೆ ಅಂದರು. ಉಡಿಗೆ ಬಂದ ಖಣವನ್ನು ಎಂದೂ ಹೊಲಿಸದ ಅತ್ತೆ ಆ ಹಸಿರು ಖಣವನ್ನು ವಾರದೊಳಗೆ ಹೊಲಿಸಿ ತೊಟ್ಟರು. ಅವರು ಅದನ್ನು ತೊಟ್ಟ ದಿನ ನಾನು ಅಡಿಗೆಮನೆಯಿಂದ ಹೊರಗೆ ಬರುವುದನ್ನು ಕಡಿಮೆ ಮಾಡುತ್ತಿದ್ದೆ.

ಇಷ್ಟಾದ ಮೇಲೆ ಚೀಟಿ ಬರೆಯುವುದನ್ನು ಬಿಟ್ಟೆನೇ? ಬಿಡಲಿಲ್ಲ. "ಮತ್ತೆ ಭೆಟ್ಟಿ ಆಗದವರಿಗೆ" ಎಂಬುದನ್ನು ಮಾತಿನಲ್ಲಿ ಬರೆಯದೆ, ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಅಡ್ಡ ಗೆರೆ ಎಳೆಯತೊಡಗಿದೆ. ಅಂಥ ಮೂರು ಖಣಗಳ ಚೀಟಿಗೆ ಹಾಗೆ ಗೆರೆ ಎಳೆದ ಮೇಲೆ ಒಂದು ಮಧ್ಯಾಹ್ನ ನನಗೇ ಹೇಸಿಗೆ ಬಂತು. ಓದುವವರಿಗೆ ತಿಳಿಯದ ಹಾಗೆ ಮಾಡಿದ್ದೆನೇ ಹೊರತು, ಕೊಡುವುದರಲ್ಲಿ ಏನನ್ನೂ ಬದಲಿಸಿರಲಿಲ್ಲ.

ಮರುವರ್ಷ ನಿಪ್ಪಾಣಿಯ ನಾದಿನಿ ಬಂದಾಗ ಬಿಜಾಪುರಕ್ಕೆ ಹೋಗೋಣ ಎಂದು ನಾನೇ ಮಾತು ತೆಗೆದೆ. "ಹ್ವಾದ ವರ್ಷ ನೋಡಿ ಬಂದೀಯಲ್ಲ, ಗುಮ್ಮಟ ಮತ್ತ ಬೆಳದೈತೇನು?" ಎಂದರು ಯಜಮಾನರು. ನಾನು ಗುಳೇದಗುಡ್ಡದ ಖಣ ಒಂದನ್ನು ಹೊಸದಾಗಿ ತರಿಸಿದ್ದೆ, ಕೆಂಪು ಮೈ, ಕರಿ ದಡಿ. ಆಕೆಯ ಉಡಿಯಲ್ಲಿ ಅದನ್ನು ಇಟ್ಟು, ತಪ್ಪಾಯಿತು ಎಂದು ಅವರಿಬ್ಬರ ಮುಂದೆಯೂ ಹೇಳಿ ಬರಬೇಕು ಎಂದು ನಿಶ್ಚಯಿಸಿದ್ದೆ. ಹಾದಿಯುದ್ದಕ್ಕೂ ನಾದಿನಿಗೆ ಆ ಮನೆಯ ಆದರಾತಿಥ್ಯದ ಗುಣಗಾನ ಮಾಡಿದೆ. ಚೀಟಿಯ ಸುದ್ದಿ ಮಾತ್ರ ಎತ್ತಲಿಲ್ಲ.

ಗೈಡ್ ಅದೇ ಬಾಗಿಲಲ್ಲಿದ್ದರು. ಗುರುತು ಹಿಡಿದರು. "ಬರ್ರಿ ಬಾಯಾರ. ಅವ್ವಾರ ಅರಾಮ ಅದಾರೇನ್ರಿ?" ಎಂದು ಮೊದಲು ಕೇಳಿದರು. ಎಲ್ಲವನ್ನೂ ಹೋದ ವರ್ಷದಷ್ಟೇ ಸಮಾಧಾನದಿಂದ ತೋರಿಸಿದರು. ಮೆಟ್ಟಿಲು ಇಳಿದ ಮೇಲೆ ನಾನು ಧೈರ್ಯ ಮಾಡಿ, "ಮನ್ಯಾಗ ಅಕ್ಕಾರು ಹೆಂಗದಾರ್ರಿ, ಕಾಕಾರ?" ಎಂದೆ.

"ಅರಾಮ ಅದಾಳ್ರಿ."

ಇನ್ನೊಂದು ಮಾತು ಬರುತ್ತದೆಂದು ಕಾದೆ. ಅವರು ರಸ್ತೆಯ ಕಡೆ ಬೆತ್ತ ತೋರಿಸಿ, "ದಣಿದಿದ್ರ ಅಲ್ಲೊಂದು ಚಾದ ಅಂಗಡಿ ಐತ್ರಿ. ಛಲೋ ಮಾಡತಾನ" ಎಂದರು.

ಕರೆಯದ ಮನೆಗೆ ಹೋಗುವುದು ಹೇಗೆ? ಖಣವನ್ನು ಅವರ ಕೈಯಲ್ಲಿ ಕೊಟ್ಟುಬಿಡಲು ಅದು ಗಂಡಸರ ಕೈಯಲ್ಲಿ ಕಳಿಸುವ ವಸ್ತುವಲ್ಲ. ಹೆಣ್ಣುಮಗಳ ಸೆರಗಿನಲ್ಲೇ ಇಡಬೇಕು. ತಪ್ಪಾಯಿತು ಎಂಬ ಮಾತಿಗೆ ಅಂಥ ಕಟ್ಟು ಇರಲಿಲ್ಲ, ಅದನ್ನು ಅಲ್ಲೇ ನಿಂತು ಹೇಳಬಹುದಿತ್ತು. ನಾದಿನಿ ಮಗ್ಗುಲಲ್ಲಿ ಇದ್ದಳು. ಅವಳ ಮುಂದೆ ನನ್ನ ಅಚ್ಚುಕಟ್ಟು ಕೆಡುತ್ತದೆಂದು ಹೇಳಲಿಲ್ಲ. ಅವರು ಕೈಮುಗಿದು ಇನ್ನೊಂದು ಗುಂಪಿನ ಕಡೆ ನಡೆದರು.

ಚಹಾ ಕುಡಿಯುತ್ತ ನಾದಿನಿ ಕೇಳಿದಳು, "ವೈನಿ, ಭಾಳ ಪ್ರೀತೀಲೆ ಮನಿಗಿ ಕರೀತಾರಂತ ಹೇಳಿದ್ರಿ. ಕರೀಲೇ ಇಲ್ಲಲ್ಲ?"

"ಅವರ ಮನಿಯಾಕಿಗೆ ಮೈಯಾಗ ಹುಷಾರಿಲ್ಲಂತ" ಎಂದೆ.

ನಮ್ಮ ಅತ್ತೆಯ ಕಾಲು ತಿಕ್ಕಿದ, ಚೀಟಿಯಲ್ಲಿ ಏನಿತ್ತೆಂದು ಬಹುಶಃ ಇಂದಿಗೂ ತಿಳಿಯದ ಆ ಹೆಣ್ಣುಮಗಳ ಮೇಲೆ ಒಂದು ಬೇನೆಯನ್ನೂ ಹೊರಿಸಿ ಗಾಡಿ ಹತ್ತಿದೆ.