ಅಕ್ಕಿ ಡಬ್ಬಿಯಲ್ಲಿ ಕ್ಯಾಮೆರಾ

ನನ್ನ ಹಳೆಯ ರೀಲ್ ಕ್ಯಾಮೆರಾದ ಮುಂದೆ ಅಜ್ಜಿ ಒಮ್ಮೆಯೂ ನಕ್ಕಿರಲಿಲ್ಲ. ತಪ್ಪು ಅವಳದಲ್ಲ. ನಾನು ಕೈಯಿಂದ ಫೋಕಸ್ ತಿರುಗಿಸಿ ಮುಗಿಸುವಷ್ಟರಲ್ಲಿ ಎಂಥವರ ನಗುವೂ ಆರಿಹೋಗುತ್ತದೆ. ರೀಲಿನಲ್ಲಿ ಉಳಿದಿದ್ದ ಕೊನೆಯ ಫೋಟೊವನ್ನು ಅವಳ ನಗುವಿಗೆಂದೇ ಕಾಯ್ದಿಟ್ಟಿದ್ದೆ.

ಮಳೆಗಾಲ. ತೇವಕ್ಕೆ ಲೆನ್ಸು ಬೂಷ್ಟು ಹಿಡಿಯುತ್ತದೆ ಎಂದು ಮನೆಯವರ ಮುಂದೆಲ್ಲ ಗೋಳಾಡಿ ಗಂಗಾವತಿಗೆ ಹೋದೆ. ತಿರುಗಿ ಬಂದರೆ ಕ್ಯಾಮೆರಾವೇ ಇಲ್ಲ.

"ಅಕ್ಕಿ ಡಬ್ಬ್ಯಾಗ ಐತಿ ನೋಡು," ಎಂದಳು ಅಜ್ಜಿ. "ನಿನ್ನ ಮೊಬೈಲ್ ನೀರಾಗ ಬಿದ್ದಾಗ ಅಲ್ಲೇ ಇಟ್ಟಿದ್ದಿ, ಹೌದಿಲ್ಲೋ? ನಮ್ಮ ಕಾರಟಗ್ಯಾಗ ಅಕ್ಕಿಗೇನ ಬರ ಬಂದೈತೇನ?"

ಹೊರತೆಗೆದರೆ ಸಂದುಗೊಂದುಗಳಲ್ಲೆಲ್ಲ ಅಕ್ಕಿಯ ಪುಡಿ. ಮೆತ್ತನೆಯ ಬ್ರಷ್ಷಿನಿಂದ ಒರೆಸಿದೆ, ರಬ್ಬರ್ ಬುರುಡೆ ಒತ್ತಿ ಗಾಳಿ ಊದಿದೆ. ಆದರೂ ಲೆನ್ಸಿನ ಸುತ್ತಲಿನ ಫೋಕಸ್ ಬಳೆ ತಿರುಗಿಸಿದರೆ ಕರಕರ ಎಂದು ಅರ್ಧಕ್ಕೇ ನಿಂತುಬಿಟ್ಟಿತು.

ಅಜ್ಜಿಯ ಮುಖ ಬಾಡಿತು. "ಕೆಟ್ಟೇ ಹೋತೇನೋ?"

ನಾನು ಮೊಣಕಾಲು ಹಿಡಿದುಕೊಂಡು, ಕ್ಯಾಮೆರಾದ ಪರವಾಗಿ ಅಜ್ಜಿಯ ದನಿಯಲ್ಲೇ ನರಳಿದೆ: "ಯವ್ವಾ, ಮೊಣಕಾಲ ಹಿಡಕೊಂಡಾವಲ್ಲೋ! ಯಾರರೆ ಒಂದೀಟು ಎಣ್ಣಿ ಹಚ್ರ್ಯೋ!"

"ಲೇ ಮಂಗ್ಯಾ!" ಎಂದು ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಳೆ ತಿರುಗದಿದ್ದರೇನು, ನನ್ನ ಕಾಲು ಗಟ್ಟಿ ಇದ್ದವು. ಕ್ಯಾಮೆರಾ ಕಣ್ಣಿಗೆ ಹಿಡಿದು, ಫೋಕಸ್ ಸಿಗುವವರೆಗೆ ಹಿಂದಕ್ಕೆ ಸರಿಯುತ್ತ ಹೋದೆ. ಅವಳ ಮುಖ ತಿಳಿಯಾಗಿ ಕಂಡೊಡನೆ ಗುಂಡಿ ಒತ್ತಿದೆ. ಆಗಲೂ ನಗುತ್ತಲೇ ಇದ್ದಳು.

ಸ್ಟುಡಿಯೋದಲ್ಲಿ ರೀಲು ತೊಳೆಸಿಕೊಂಡು ತಂದ ದಿನ ಅಜ್ಜಿ ಆ ಫೋಟೊವನ್ನು ದೂರ ಹಿಡಿದು ಬಹಳ ಹೊತ್ತು ನೋಡಿದಳು.

"ಭಾಳ ಛಲೋ ಬಂದೈತಿ," ಎಂದಳು. "ಅದಕ್ಕ ಹೇಳೂದು, ಅಕ್ಕ್ಯಾಗ ಇಡಬೇಕು ಅಂತ."